ಸೇತುವೆಯಿಂದ ಸೇತುವೆಗೆ: ತಲಪಾಡಿಯಿಂದ ತೃಕ್ಕರಿಪುರದವರೆಗೆ ಸೈಕಲ್ ಪ್ರವಾಸ

ಕರಾವಳಿ ಹೆದ್ದಾರಿ ಅಂದರೆ ಉದ್ದಕ್ಕೂ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ತೆಂಗಿನ ತೋಟ ಎಂದು ಎಣಿಸಿ ಕರ್ನಾಟಕ, ಕೇರಳ ಗಡಿಯ ತಲಪಾಡಿ ದಾಟಿದವರಿಗೆ ಕಾಸರಗೋಡು ಜಿಲ್ಲೆ ಮೊದಲು ತೋರಿಸುವುದು ಕಾಂಕ್ರೀಟ್ ಗೋಡೆಯನ್ನು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಆರು ಪಥವಾಗಿದೆ. ಅದರ ಮೇಲೆ ಹೋದವರಿಗೆ ಕಡಲು ಕಾಣುವುದು ಅಪರೂಪ. ಹೆದ್ದಾರಿಗೂ ನೀರಿಗೂ ನಡುವೆ ಹೆಚ್ಚಿನ ಕಡೆ ರೈಲು ಹಳಿ ಇದೆ, ಹಳಿಯ ಆಚೆ ತೋಟ, ಮನೆ, ಮಸೀದಿ, ಭಜನಾ ಮಂದಿರ, ಆಮೇಲೆ ಹೊಯ್ಗೆ, ಅಂದರೆ ಮರಳು. ಕಡಲ ಬದಿಯ ಸಣ್ಣ ರಸ್ತೆಗಳು ಇಲ್ಲದೆ ಇಲ್ಲ, ಚಂದವೂ ಇವೆ. ಆದರೆ ಒಂದೊಂದೂ ಐದಾರು ಕಿಲೋಮೀಟರ್ ಹೋಗಿ ಒಂದು ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಜಾಗದ, ಎದುರು ನಿಂತುಬಿಡುತ್ತದೆ. ಈ ಜಿಲ್ಲೆಯಲ್ಲಿ ಹನ್ನೆರಡು ನದಿಗಳಿವೆ. ಸೇತುವೆ ಬೇಕೆಂದರೆ ಮತ್ತೆ ಒಳಕ್ಕೆ, ದೊಡ್ಡ ರಸ್ತೆಗೇ ಬರಬೇಕು.

ಹಾಗಾಗಿ ಇಲ್ಲಿ ಸೈಕಲ್ ಪ್ರವಾಸದ ಯೋಜನೆ ಊರಿನಿಂದ ಊರಿಗೆ ಮಾಡುವುದಲ್ಲ, ಸೇತುವೆಯಿಂದ ಸೇತುವೆಗೆ. ಮೊದಲು ನಕ್ಷೆಯಲ್ಲಿ ಸೇತುವೆಗಳನ್ನು ಗುರುತು ಮಾಡಿ. ಎರಡು ಸೇತುವೆಗಳ ನಡುವೆ ಕಡಲ ಕಡೆಗೆ ಇಳಿಯುವ ರಸ್ತೆ ಎಲ್ಲಿದೆ, ಮರಳಿ ಹತ್ತುವುದು ಎಲ್ಲಿ ಎಂದು ನೋಡಿ. ಇಷ್ಟು ಮಾಡಿಕೊಂಡರೆ ಹೆದ್ದಾರಿಯ ಗದ್ದಲ ಅರ್ಧಕ್ಕರ್ಧ ತಪ್ಪುತ್ತದೆ. ತಿರುವನಂತಪುರದ ಪೂವಾರಿನಿಂದ ಮಂಜೇಶ್ವರದ ಕುಂಜತ್ತೂರಿನವರೆಗೆ ಸೈಕಲ್ ಪಥವಿರುವ ತೀರದೇಶ ಹೆದ್ದಾರಿ ಬರಲಿದೆ ಎಂದು ಕೇರಳ ಸರಕಾರ ಹೇಳುತ್ತಲೇ ಇದೆ. ಬರಲಿ, ಸಂತೋಷ. ಈ ವರ್ಷದ ಪ್ರವಾಸಕ್ಕೆ ಅದನ್ನು ನಂಬಿ ಹೊರಡುವುದು ಬೇಡ.

ಯಾವಾಗ, ಯಾವ ದಿಕ್ಕಿಗೆ

ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಮಾರ್ಚಿನಲ್ಲಿ ಸೆಕೆ ಶುರುವಾದರೆ ಬೆಳಗ್ಗೆ ಒಂಬತ್ತಕ್ಕೇ ಅಂಗಿ ಮೈಗಂಟುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಲೋಚನೆಯೇ ಬೇಡ. ಮಳೆಯಲ್ಲಿ ನೆನೆಯುವ ಖುಷಿಗೆಂದು ಹೊರಡುವವರಿಗೂ ಇದೇ ಮಾತು. ಆ ದಿನಗಳಲ್ಲಿ ಕಡಲ್ಕೊರೆತದಿಂದ ತೀರದ ರಸ್ತೆಗಳು ಕುಸಿಯುತ್ತವೆ, ಹೆದ್ದಾರಿಗಾಗಿ ಕಡಿದ ಗುಡ್ಡಗಳು ಜರಿಯುತ್ತವೆ. 2025ರ ಮಳೆಗಾಲದಲ್ಲಿ ಚೆರುವತ್ತೂರಿನ ಬಳಿ ವೀರಮಲೆ ಗುಡ್ಡ ಹೆದ್ದಾರಿಯ ಮೇಲೆಯೇ ಜರಿದು ಬಿತ್ತು.

ದಿಕ್ಕಿನ ವಿಷಯದಲ್ಲಿ ಸೈಕಲಿಗರ ನಡುವೆ ಚರ್ಚೆ ಇದೆ. ನಮ್ಮಲ್ಲಿ ರಸ್ತೆಯ ಎಡಬದಿಯಲ್ಲಿ ಹೋಗಬೇಕು. ದಕ್ಷಿಣದಿಂದ ಉತ್ತರಕ್ಕೆ ಬಂದರೆ ಕಡಲು ಎಡಕ್ಕೇ ಸಿಗುತ್ತದೆ, ತೀರಕ್ಕೆ ಇಳಿಯಲು ಹೆದ್ದಾರಿ ದಾಟಬೇಕಾಗಿಲ್ಲ. ಉತ್ತರದಿಂದ ಹೊರಟರೆ ಕಡಲು ಬಲಕ್ಕೆ. ಪ್ರತಿ ಸಲವೂ ಅಂಡರ್‌ಪಾಸ್ ಹುಡುಕಿ ಆಚೆ ಹೋಗಬೇಕು. ಇಷ್ಟಾದರೂ ನಾನು ಹೇಳುವುದು ಉತ್ತರದಿಂದ ದಕ್ಷಿಣಕ್ಕೇ. ಕಾರಣ ಗಾಳಿ. ಚಳಿಗಾಲದಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಹಗುರವಾಗಿ ಬೀಸುವ ಗಾಳಿ, ಬಿಸಿಲೇರಿದ ಮೇಲೆ ತಿರುಗಿ ಕಡಲಿನಿಂದ, ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ದಕ್ಷಿಣಕ್ಕೆ ಹೋಗುವವರ ಬಲ ಬೆನ್ನಿಗೆ ಅದು ತಾಗುತ್ತದೆ. ಉತ್ತರಕ್ಕೆ ಬರುವವರಿಗೆ ಮುಖಕ್ಕೇ ಹೊಡೆತ. ಮಧ್ಯಾಹ್ನ ಮೂರು ಗಂಟೆಗೆ, ಕಾಲು ಸೋತ ಹೊತ್ತಿಗೆ, ಈ ವ್ಯತ್ಯಾಸ ಸಣ್ಣದಲ್ಲ. ಹೋಗುವುದು ಸೈಕಲಿನಲ್ಲಿ, ಮರಳುವುದು ರೈಲಿನಲ್ಲಿ ಎಂದು ಇಟ್ಟುಕೊಳ್ಳಿ.

ತಲಪಾಡಿಯಿಂದ ಜಿಲ್ಲೆಯ ದಕ್ಷಿಣದ ಗಡಿಯವರೆಗೆ ಹೆದ್ದಾರಿಯಲ್ಲೇ ಹೋದರೆ ಸುಮಾರು 85 ಕಿ.ಮೀ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಮುಗಿಸಿ ಏನು ಕಂಡಿರಿ ಎಂದು ಕೇಳಿದರೆ ಲಾರಿಗಳ ಹಿಂಭಾಗ ಎನ್ನುತ್ತಾರೆ. ಇದನ್ನು ಮೂರು ದಿನಕ್ಕೆ ಹಂಚಿದರೆ ಅಡ್ಡರಸ್ತೆಗಳನ್ನೆಲ್ಲ ಸೇರಿಸಿ ದಿನಕ್ಕೆ ನಲವತ್ತು, ಐವತ್ತು ಕಿಲೋಮೀಟರ್ ಆಗುತ್ತದೆ. ಹೊಸಬರಿಗೂ ಇದು ಸಾಧ್ಯ. ಹೊರಡುವ ಮೊದಲು ಎರಡು ಮೂರು ವಾರ, ಚೀಲ ಕಟ್ಟಿಕೊಂಡೇ, ಮೂವತ್ತು ಕಿ.ಮೀ. ತುಳಿದು ನೋಡಿರಬೇಕು ಅಷ್ಟೆ.

ಸೈಕಲ್, ಚೀಲ, ಪಂಚೆ

ತುಂಬಾ ಬೆಲೆಯ ಸೈಕಲ್ ಬೇಕಾಗಿಲ್ಲ. ಗೇರ್ ಇರಲಿ. ಇಲ್ಲಿ ದೊಡ್ಡ ಘಾಟಿ ಇಲ್ಲ ನಿಜ, ಆದರೆ ಎರಡು ನದಿಗಳ ನಡುವೆ ಒಂದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ ಇದ್ದೇ ಇರುತ್ತದೆ. ಏರು ಉದ್ದವಲ್ಲ, ಕಡಿದು. ತೀರದ ರಸ್ತೆಯಲ್ಲಿ ಹೊಯ್ಗೆ ಹರಡಿರುವುದರಿಂದ ಟಯರ್ ತೀರಾ ಸಪೂರ ಬೇಡ, 32 ಮಿ.ಮೀ. ಅಥವಾ ಅದಕ್ಕಿಂತ ಅಗಲದ್ದು ನೆಮ್ಮದಿ.

ಜೊತೆಗೆ ಇರಬೇಕಾದದ್ದು: ಎರಡು ಟ್ಯೂಬ್, ಪ್ಯಾಚ್, ಟಯರ್ ಬಿಚ್ಚುವ ಪ್ಲಾಸ್ಟಿಕ್ ಸಟ್ಟುಗ, ಕೈಪಂಪು, ಅಲೆನ್ ಕೀ, ಚೈನ್ ಆಯಿಲ್, ಹಳೆ ಬಟ್ಟೆ, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ದೀಪ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ. ನಿಮ್ಮ ಟ್ಯೂಬಿನ ವಾಲ್ವ್ ಯಾವ ಜಾತಿಯದು ಎಂದು ಮನೆಯಲ್ಲೇ ನೋಡಿಕೊಳ್ಳಿ. ದಾರಿಬದಿಯ ಪಂಚರ್ ಅಂಗಡಿಯಲ್ಲಿ ಬೈಕ್, ಕಾರಿನ ದಪ್ಪ ವಾಲ್ವ್‌ಗೆ ಗಾಳಿ ಸಿಗುತ್ತದೆ. ಸಪೂರದ ಪ್ರೆಸ್ಟಾ ವಾಲ್ವ್ ಆದರೆ ಅವರ ಪೈಪು ಕೂರುವುದಿಲ್ಲ. ಅದಕ್ಕೊಂದು ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಬರುತ್ತದೆ, ತೀರಾ ಅಗ್ಗ. ಒಂದನ್ನು ವಾಲ್ವ್‌ಗೇ ತಿರುಗಿಸಿ ಇಟ್ಟರೆ ಕಳೆದೂ ಹೋಗದು.

ಬೆನ್ನಿಗೆ ಚೀಲ ಹಾಕಬೇಡಿ. ಈ ಸೆಕೆಯಲ್ಲಿ ಬೆನ್ನು ಬೆಂದುಹೋಗುತ್ತದೆ. ಹಿಂದಿನ ಕ್ಯಾರಿಯರ್‌ಗೆ ಎರಡೂ ಬದಿ ನೇತುಹಾಕುವ ಚೀಲ ಒಳ್ಳೆಯದು, ತೂಕ ಎಂಟು ಕಿಲೋ ಮೀರದಿರಲಿ. ಅದರಲ್ಲಿ ಒಂದು ಪಂಚೆ ಇರಲೇಬೇಕು. ದಾರಿಯಲ್ಲಿ ದೇವಸ್ಥಾನಗಳು ಬಹಳ, ಸೈಕಲ್ ಚಡ್ಡಿಯಲ್ಲಿ ಒಳಗೆ ಬಿಡುವುದಿಲ್ಲ. ಗಂಡಸರು ಅಂಗಿಯನ್ನೂ ತೆಗೆಯಬೇಕಾಗುತ್ತದೆ. ಹೆಂಗಸರು ಚೂಡಿದಾರ್‌ನ ಪ್ಯಾಂಟ್, ಒಂದು ಶಾಲು ಇಟ್ಟುಕೊಂಡರೆ ಸಾಕು. ಅದೇ ಪಂಚೆ ರಾತ್ರಿ ಹೊದಿಕೆ, ಬೆಳಗ್ಗೆ ಮೈ ಒರೆಸುವ ಬೈರಾಸು.

ಹೆದ್ದಾರಿಯಲ್ಲಿ ಸಾಗುವ ಕ್ರಮ

ಆರು ಪಥದ ಮುಖ್ಯ ರಸ್ತೆಗೆ ಸೈಕಲ್ ಹತ್ತಿಸಬೇಡಿ. ಫಲಕ ಇದ್ದರೂ ಇಲ್ಲದಿದ್ದರೂ ಅದು ಸೈಕಲಿಗೆ ಹೇಳಿದ ಜಾಗವಲ್ಲ. ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ಗ್ಯಾಸ್ ಟ್ಯಾಂಕರ್‌ಗಳು ಇದೇ ದಾರಿಯಲ್ಲಿ ಬರುತ್ತವೆ. ಬದಿಯ ಸರ್ವಿಸ್ ರೋಡ್ ನಿಮ್ಮದು. ಅಲ್ಲಿ ಮೂರು ವಿಷಯ ಗಮನದಲ್ಲಿರಲಿ. ಒಂದು, ಅಂಚಿನ ಚರಂಡಿಯ ಮೇಲೆ ಮುಚ್ಚಿದ ಕಾಂಕ್ರೀಟ್ ಹಲಗೆಗಳ ನಡುವಿನ ಸಂದಿಗೆ ಟಯರ್ ಸಿಕ್ಕಿಕೊಳ್ಳಬಹುದು. ಅಂಚಿನಿಂದ ಎರಡು ಮೊಳ ಒಳಗೇ ಹೋಗಿ. ಎರಡು, ಸರ್ವಿಸ್ ರೋಡ್ ಎಂದರೆ ಸ್ಕೂಟರ್, ರಿಕ್ಷಾ ಎರಡೂ ದಿಕ್ಕಿನಿಂದ ಬರುತ್ತವೆ ಎಂದೇ ತಿಳಿಯಿರಿ. ಮೂರನೆಯದು ಸೇತುವೆ. ನದಿ ಬಂದಲ್ಲಿ ಸರ್ವಿಸ್ ರೋಡ್ ಮುಗಿದು ಮುಖ್ಯ ರಸ್ತೆಗೆ ಸೇರಿಬಿಟ್ಟರೆ, ಅಲ್ಲಿ ಮಾತ್ರ ಬೇರೆ ಉಪಾಯವಿಲ್ಲ. ಸೇರುವ ಮೊದಲು ನಿಂತು, ಹಿಂದೆ ನೋಡಿ, ವಾಹನಗಳ ಗುಂಪು ದಾಟಿಹೋದ ಮೇಲೆ ಎಡ ಅಂಚಿನಲ್ಲಿ ಒಂದೇ ಉಸಿರಿಗೆ ಸೇತುವೆ ದಾಟಿ. ಹಿಂದಿನ ಕೆಂಪು ದೀಪ ಹಗಲೂ ಮಿನುಗುತ್ತಿರಲಿ. ಸೇತುವೆಯ ನಡುವೆ ನದಿಯ ಫೋಟೋ ತೆಗೆಯಲು ನಿಲ್ಲುವ ಆಸೆಯಾಗುತ್ತದೆ, ಅದನ್ನು ಚಂದ್ರಗಿರಿ ಸೇತುವೆಗೆ ಬಾಕಿ ಇಡಿ.

ಇನ್ನು ಖಾಸಗಿ ಬಸ್. ಹಾರ್ನ್ ಕೇಳಿದರೆ ಹಠ ಮಾಡದೆ ಬದಿಗೆ ಸರಿಯಿರಿ. ಅವರ ಸಮಯದ ಲೆಕ್ಕ ನಿಮಿಷದ್ದು, ನಿಮ್ಮದು ದಿನದ್ದು.

ಮೊದಲ ದಿನ: ತಲಪಾಡಿಯಿಂದ ಕಾಸರಗೋಡು

ಬೆಳಗ್ಗೆ ಆರೂವರೆಗೆ ತಲಪಾಡಿಯಲ್ಲಿರಿ. ಮಂಗಳೂರಿನಿಂದ ಸೈಕಲಿನಲ್ಲೇ ಬರುವುದಾದರೆ ಇನ್ನೂ ಹದಿನಾರು ಹದಿನೇಳು ಕಿ.ಮೀ. ಮೊದಲೇ ತುಳಿಯಬೇಕು. ಗಡಿ ದಾಟಿದ ಮೇಲೆ ಕುಂಜತ್ತೂರು. ಅಲ್ಲಿಂದ ಪಶ್ಚಿಮಕ್ಕೆ ಇಳಿದರೆ ಕಣ್ವತೀರ್ಥದ ಕಡಲ ತೀರ. ಗಾಳಿಮರದ ನೆರಳು, ಬೆಳಗ್ಗಿನ ಹೊತ್ತು ಜನ ಕಡಿಮೆ. ಮೊದಲ ಚಹಾಕ್ಕೂ ಮೊದಲ ಕಡಲಿಗೂ ಇದು ಸರಿಯಾದ ಜಾಗ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇದೆ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಪೈಗಳು ತಮ್ಮ ಬಾಳಿನ ಬಹುಭಾಗವನ್ನು ಇಲ್ಲೇ ಕಳೆದರು. ಮನೆ ಈಗ ಸ್ಮಾರಕ. ಬೆಳಗ್ಗೆ ಬೇಗ ತಲುಪಿದರೆ ಬಾಗಿಲು ತೆರೆದಿರದು, ಹೊರಗಿನಿಂದ ನೋಡಿ ಮುಂದೆ ಹೋಗಬಹುದು, ಇಲ್ಲವೇ ಅದಕ್ಕೆಂದೇ ಹೊರಡುವುದನ್ನು ತಡಮಾಡಬಹುದು. ಬಿಸಿಲಿನ ಲೆಕ್ಕದಲ್ಲಿ ಎರಡನೆಯದು ದುಬಾರಿ. ಬಂಗ್ರ ಮಂಜೇಶ್ವರದ ಜೈನ ಬಸದಿಗಳು, ಅನಂತೇಶ್ವರ ದೇವಸ್ಥಾನ ಹತ್ತಿರದಲ್ಲೇ ಇವೆ. ಇಲ್ಲಿನ ಮಂಜೇಶ್ವರ ಹೊಳೆ ಬರೀ 16 ಕಿ.ಮೀ. ಉದ್ದ. ಕೇರಳದ ನದಿಗಳಲ್ಲೆಲ್ಲ ಇದೇ ಕಿರಿದು.

ಹೊಸಂಗಡಿಯಿಂದ ಉಪ್ಪಳ, ಬಂದ್ಯೋಡು ದಾಟುವಾಗ ಸುಮ್ಮನೆ ತುಳಿಯುತ್ತಾ ಹೋಗಿ. ಪೇಟೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಸರ್ವಿಸ್ ರೋಡಿನಲ್ಲಿ ವಾಹನ ಸಂದಣಿ. ಶಿರಿಯ ಹೊಳೆಯ ಸೇತುವೆಗೆ ಬಂದಾಗ ಕಣ್ಣಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಅಗಲವಾದ ನೀರು, ದಂಡೆಯ ತೆಂಗು, ದೂರದಲ್ಲಿ ಅಳಿವೆ. ಆಮೇಲೆ ಆರಿಕ್ಕಾಡಿ ಕೋಟೆ, ಹೆದ್ದಾರಿಯ ಬದಿಯಲ್ಲೇ. ಹತ್ತು ನಿಮಿಷ ಸಾಕು.

ಕುಂಬಳೆ ತಲಪಾಡಿಯಿಂದ ಇಪ್ಪತ್ತೆರಡು ಕಿ.ಮೀ. ಆಸುಪಾಸು. ಹತ್ತು ಗಂಟೆಯೊಳಗೆ ಮುಟ್ಟಬೇಕು. ಯಕ್ಷಗಾನ ಬಲ್ಲವರಿಗೆ ಪ್ರಸಂಗಕರ್ತ ಪಾರ್ತಿಸುಬ್ಬನ ಊರು ಎಂದರೆ ಸಾಕು, ಬೇರೆ ಪರಿಚಯ ಬೇಡ. ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ಪೇಟೆಯ ಹತ್ತಿರವೇ ಇದೆ. ರೈಲು ನಿಲ್ದಾಣದ ಹಿಂದೆ, ನಡೆದು ಹೋಗುವಷ್ಟು ದೂರದಲ್ಲಿ ಕಡಲು.

ಇಲ್ಲಿ ಒಂದು ನಿರ್ಧಾರ ಮಾಡಬೇಕು. ನೇರ ಹೆದ್ದಾರಿಯಲ್ಲಿ ಹೋದರೆ ಮೊಗ್ರಾಲ್ ದಾಟಿ ಕಾಸರಗೋಡು ಹನ್ನೆರಡು ಹದಿಮೂರು ಕಿಲೋಮೀಟರ್. ಮೊಗ್ರಾಲ್ ಮಾಪ್ಪಿಳ ಹಾಡುಗಳಿಗೂ ಫುಟ್ಬಾಲಿಗೂ ಹೆಸರಾದ ಊರು. ನನ್ನ ಸಲಹೆ ಬೇರೆ: ಕಡಲಿಗೆ ಬೆನ್ನು ಹಾಕಿ ಬದಿಯಡ್ಕ ರಸ್ತೆ ಹಿಡಿಯಿರಿ. ನಾಯ್ಕಾಪು ದಾಟಿದ ಮೇಲೆ ಅನಂತಪುರಕ್ಕೆ ಬಲಕ್ಕೆ ತಿರುಗುವ ಫಲಕ ಸಿಗುತ್ತದೆ. ಏರು ಚುರುಕಾಗಿದೆ, ಸಣ್ಣ ಗೇರಿಗೆ ಇಳಿಸಿ ನಿಧಾನ ಹತ್ತಿ. ಮೇಲೆ ಬಂದರೆ ಬಟಾಬಯಲು ಪಾರೆ. ಕಪ್ಪುಗಟ್ಟಿದ ಮುರಕಲ್ಲು, ಒಣಹುಲ್ಲು, ಮರವೇ ಇಲ್ಲ. ಆ ಪಾರೆಯ ತಗ್ಗಿನಲ್ಲಿ ಒಂದು ಕೆರೆ, ಕೆರೆಯ ನಡುವೆ ಅನಂತಪದ್ಮನಾಭನ ಗುಡಿ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದೇ ಎಂಬ ನಂಬಿಕೆ. ಈ ಕೆರೆಯಲ್ಲಿ ದಶಕಗಳ ಕಾಲ ಇದ್ದ ಬಬಿಯ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದನ್ನು ನೋಡಲೇಬೇಕು ಎಂದು ಹಠ ಹಿಡಿದು ಕೂರಬೇಡಿ, ಅದಕ್ಕೆ ಮನಸ್ಸು ಬಂದಾಗ ಕಾಣುತ್ತದೆ.

ಅಲ್ಲಿಂದ ಸೀತಾಂಗೋಳಿ, ಉಳಿಯತ್ತಡ್ಕ ದಾರಿಯಾಗಿ ಮಧೂರಿಗೆ ಇಳಿಯಬಹುದು. ಹೆದ್ದಾರಿಗಿಂತ ಹತ್ತು ಕಿ.ಮೀ. ಆಸುಪಾಸು ಹೆಚ್ಚಾಗುತ್ತದೆ, ಏರಿಳಿತವೂ ಉಂಟು. ಆದರೆ ಅಡಿಕೆ ತೋಟ, ಗದ್ದೆ, ತೋಡು, ಕನ್ನಡ ಶಾಲೆಗಳು, ಎರಡು ಮೂರು ಬೆಂಚಿನ ಗೂಡಂಗಡಿ. ಕಾಸರಗೋಡಿನ ಕನ್ನಡ ಬದುಕು ಇರುವುದು ಹೆದ್ದಾರಿಯಲ್ಲಲ್ಲ, ಈ ಒಳರಸ್ತೆಗಳಲ್ಲಿ. ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ ಮಧುವಾಹಿನಿಯ ದಂಡೆಯಲ್ಲಿದೆ. ಆನೆಯ ಬೆನ್ನಿನಾಕಾರದ ಮೂರು ಅಂತಸ್ತಿನ ಗರ್ಭಗುಡಿಯನ್ನು ಹಿಂದಿನಿಂದ ನೋಡಬೇಕು. ಪ್ರಸಾದದ ಅಪ್ಪ ಸಿಕ್ಕಿದರೆ ಸಂಜೆಯ ತಿಂಡಿಯೂ ಆಯಿತು. ಇಲ್ಲಿಂದ ಕಾಸರಗೋಡು ಎಂಟು ಕಿ.ಮೀ. ರಾತ್ರಿ ಪೇಟೆಯಲ್ಲಿ ಉಳಿಯಿರಿ. ಸೈಕಲನ್ನು ಒಳಗೆ ಇಡಲು ಬಿಡುವಿರಾ ಎಂದು ಕೋಣೆ ಗೊತ್ತುಮಾಡುವಾಗಲೇ ಕೇಳಿ, ದುಡ್ಡು ಕೊಟ್ಟ ಮೇಲಲ್ಲ.

ಎರಡನೇ ದಿನ: ಚಂದ್ರಗಿರಿ ದಾಟಿ ಹೊಸದುರ್ಗಕ್ಕೆ

ಮೂರು ದಿನಗಳಲ್ಲಿ ಸೈಕಲಿಗೆ ಅತ್ಯಂತ ಒಗ್ಗುವ ದಿನ ಇದು. ಕಾಸರಗೋಡಿನಿಂದ ರಾಷ್ಟ್ರೀಯ ಹೆದ್ದಾರಿ ಚೆರ್ಕಳ, ಪೊಯಿನಾಚಿ, ಪೆರಿಯ ಎಂದು ಒಳನಾಡಿಗೆ ತಿರುಗುತ್ತದೆ. ಲಾರಿಗಳು ಆ ಕಡೆ ಹೋಗಲಿ. ನಮಗೆ ಬೇಕಾದದ್ದು ಚಂದ್ರಗಿರಿ ಸೇತುವೆಯ ಮೇಲೆ ಹಾದು ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು, ಬೇಕಲ ದಾರಿಯಾಗಿ ಕಾಞಂಗಾಡಿಗೆ, ಅಂದರೆ ಹೊಸದುರ್ಗಕ್ಕೆ, ಹೋಗುವ ರಾಜ್ಯ ಹೆದ್ದಾರಿ. ಸುಮಾರು 28 ಕಿ.ಮೀ. ನೀವು ಊಹಿಸಿ ಬಂದ ಕರಾವಳಿ ರಸ್ತೆಗೆ ಈ ಜಿಲ್ಲೆಯಲ್ಲಿ ಹತ್ತಿರವಾದದ್ದು ಇದೊಂದೇ.

ಚಂದ್ರಗಿರಿ, ಅಂದರೆ ಮೇಲಿನ ಪಯಸ್ವಿನಿ, ಜಿಲ್ಲೆಯ ಅತಿ ಉದ್ದದ ನದಿ: 105 ಕಿ.ಮೀ. ಹಳಬರು ತುಳುನಾಡಿನ ತೆಂಕಣ ಗಡಿ ಎನ್ನುತ್ತಿದ್ದದ್ದು ಇದನ್ನೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಈ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದು ಕಾಗದದಲ್ಲೇ ಉಳಿಯಿತು. ಸೈಕಲಿಗನಿಗೆ ಇದರಿಂದ ಆಗುವ ವ್ಯತ್ಯಾಸ ಇಷ್ಟು: ಸೇತುವೆಯ ಈಚೆ ದಾರಿ ಕೇಳಲು ಕನ್ನಡ, ತುಳು ಸಾಕು. ಆಚೆ ಮಲಯಾಳ ಬೇಕು.

ಸೇತುವೆ ದಾಟಿದರೆ ಎಡಕ್ಕೆ ಗುಡ್ಡೆಯ ಮೇಲೆ ಚಂದ್ರಗಿರಿ ಕೋಟೆ. ಕೆಳದಿಯ ಶಿವಪ್ಪ ನಾಯಕನ ಕಾಲದ್ದು. ಏರು ಚಿಕ್ಕದು, ತಳ್ಳಿಕೊಂಡು ಹೋದರೂ ಯಾರೂ ನಗುವುದಿಲ್ಲ. ಮೇಲಿನಿಂದ ನದಿ ಕಡಲಿಗೆ ಸೇರುವ ನೋಟ ಬೆಳಗ್ಗೆಯೇ ಚಂದ, ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ. ಬೇಕಲದಲ್ಲಿ ಸಿಗದ ಏಕಾಂತ ಇಲ್ಲಿದೆ.

ಮುಂದೆ ಕಳನಾಡಿನಿಂದ ಬಲಕ್ಕೆ ಇಳಿದರೆ ಕೀಳೂರು, ಮೀನುಗಾರಿಕಾ ಬಂದರಿನ ಕಡೆ. ಉದುಮದಿಂದ ಬಲಕ್ಕೆ ಕಾಪಿಲ್ ತೀರ. ಎರಡಕ್ಕೂ ಸಮಯವಿಲ್ಲದಿದ್ದರೆ ಕಾಪಿಲ್ ಆರಿಸಿ. ಮೀನುಗಾರರ ಓಣಿಗಳಲ್ಲಿ ರಸ್ತೆಯ ಮೇಲೇ ಬಲೆ ಹರವಿರುತ್ತಾರೆ, ಮೀನು ಒಣಗಿಸುತ್ತಾರೆ. ಅದರ ಮೇಲೆ ಚಕ್ರ ಹತ್ತಿಸದೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಆ ಒಂದು ಮರ್ಯಾದೆಗೆ ಒಂದು ಚಹಾ ಸಿಕ್ಕಿದರೂ ಸಿಕ್ಕಿತು.

ತೃಕ್ಕನ್ನಾಡಿನ ತ್ರ್ಯಂಬಕೇಶ್ವರ ದೇವಸ್ಥಾನದ ಎದುರು ಕಡಲು ರಸ್ತೆಗೆ ತೀರಾ ಹತ್ತಿರ. ಕಡಲ್ಕೊರೆತ ಇಲ್ಲಿ ರಸ್ತೆಗೇ ಬೆದರಿಕೆ ಒಡ್ಡಿದೆ. ಒಂದು ನಿಮಿಷ ನಿಂತು ನೀರು ಕುಡಿಯಿರಿ, ಮುಂದಿನ ತಂಗುದಾಣ ಬೇಕಲ.

ಬೇಕಲ ಕೋಟೆ ಕಾಸರಗೋಡಿನಿಂದ ಸುಮಾರು 16 ಕಿ.ಮೀ. ಇದನ್ನು ಕಟ್ಟಿಸಿದ್ದು ಶಿವಪ್ಪ ನಾಯಕ, 1650ರ ಸುಮಾರಿಗೆ. ನಲವತ್ತು ಎಕರೆ ಹರಡಿದ ಇದು ಕೇರಳದ ಅತಿ ದೊಡ್ಡ ಕೋಟೆ. ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ, ಟಿಕೆಟ್ ಇದೆ, ಸಂಜೆ ಬೇಗ ಮುಚ್ಚುತ್ತಾರೆ. ಸೈಕಲ್ ಒಳಗೆ ಬಿಡುವುದಿಲ್ಲ. ಹೊರಗೆ ಅಂಗಡಿಯವರ ಹತ್ತಿರ ಹೇಳಿ, ಬೊಂಡವೋ (ಎಳನೀರೋ) ಸರ್ಬತ್ತೋ ಕುಡಿದು, ಬೀಗ ಹಾಕಿ ಇಡಿ. ಬೆಲೆಬಾಳುವ ಚೀಲ ಮಾತ್ರ ಕೈಯಲ್ಲಿರಲಿ. ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ, ಹತ್ತಿರದಲ್ಲೇ ಟಿಪ್ಪುವಿನ ಕಾಲದ ಮಸೀದಿ. ಒಳಗೆ ನೇರ ವೀಕ್ಷಣಾ ಬುರುಜಿಗೆ ಓಡಬೇಡಿ. ಎಡಬಲದ ಗೋಡೆಯನ್ನು ಸುತ್ತಿ, ಕಡಲ ಕಡೆಯ ಕಿಂಡಿಗಳನ್ನು ನೋಡುತ್ತಾ ಬನ್ನಿ. ತೋಪು ಯಾವ ಕೋನದಲ್ಲಿ ಯಾವ ಹಡಗಿಗೆ ಗುರಿಯಿಡುತ್ತಿತ್ತು ಎಂಬುದು ಕಿಂಡಿಯ ಮೂಲಕ ಬಗ್ಗಿ ನೋಡಿದರೆ ಅರ್ಥವಾಗುತ್ತದೆ. ಒಳಗೆ ನೆರಳು ಕಡಿಮೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೋಗಬೇಡಿ. ಆ ಹೊತ್ತಿಗೆ ಊಟ ಮಾಡಿ ಎಲ್ಲಾದರೂ ಅಡ್ಡಾಗಿ, ಮೂರೂವರೆಗೆ ಕೋಟೆಗೆ ಬನ್ನಿ.

ಡಿಸೆಂಬರಿನಲ್ಲಿ ಸೂರ್ಯ ಆರು ದಾಟಿದ ಸ್ವಲ್ಪದರಲ್ಲೇ ಮುಳುಗುತ್ತಾನೆ. ಪಳ್ಳಿಕ್ಕರೆ ತೀರದಲ್ಲಿ ಮುಳುಗುವುದನ್ನು ನೋಡಿ ಕತ್ತಲಲ್ಲಿ ಹನ್ನೆರಡು ಕಿ.ಮೀ. ತುಳಿಯುವುದೋ, ಬೇಕಲದ ಸುತ್ತಮುತ್ತ ಉಳಿಯುವುದೋ, ನಿಮ್ಮ ದೀಪ ಎಷ್ಟು ಗಟ್ಟಿ ಎಂಬುದರ ಮೇಲೆ ನಿಂತಿದೆ. ಬೇಕಲದಲ್ಲಿ ದುಬಾರಿ ರೆಸಾರ್ಟುಗಳೂ ಇವೆ, ಸಾಧಾರಣ ಹೋಂಸ್ಟೇಗಳೂ ಇವೆ. ಕಾಞಂಗಾಡಿನಲ್ಲಿ ಸಾಧಾರಣ ವಸತಿಗೆ ಕೊರತೆಯಿಲ್ಲ.

ಕಾಞಂಗಾಡನ್ನು ಕನ್ನಡದವರು ಹೊಸದುರ್ಗ ಎಂದೇ ಕರೆಯುವುದು. ಇಕ್ಕೇರಿಯ ಸೋಮಶೇಖರ ನಾಯಕ ಕಟ್ಟಿಸಿದ ಕೋಟೆಯಿಂದ ಬಂದ ಹೆಸರದು. ಕೋಟೆಯ ಆವರಣದಲ್ಲಿ ನಿತ್ಯಾನಂದಾಶ್ರಮ, ಅಲ್ಲಿ ಮುರಕಲ್ಲಿನಲ್ಲಿ ಕೊರೆದ ಗುಹೆಗಳು. ಊರಿನ ಪೂರ್ವಕ್ಕೆ ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ ಆನಂದಾಶ್ರಮ. ರಾಮದಾಸರು ಹೊಸದುರ್ಗದವರೇ, ಪೂರ್ವಾಶ್ರಮದ ಹೆಸರು ವಿಠ್ಠಲರಾವ್. ಆಶ್ರಮದಲ್ಲಿ ತಂಗಬೇಕಾದರೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಬೆವರಿದ ಮೈಯಲ್ಲಿ ಸಂಜೆ ಏಳಕ್ಕೆ ಬಾಗಿಲು ತಟ್ಟುವ ಜಾಗ ಅದಲ್ಲ.

ಮೂರನೇ ದಿನ: ಹಿನ್ನೀರಿನ ಬದಿ

ಕಾಞಂಗಾಡಿನಿಂದ ನೀಲೇಶ್ವರ ಹತ್ತು ಕಿ.ಮೀ. ಆಸುಪಾಸು. ಅಲ್ಲಿಂದ ಕಡಲಿಗೂ ನೆಲಕ್ಕೂ ನಡುವೆ ಹಿನ್ನೀರು ಶುರು. ಕೋಟ್ಟಪ್ಪುರದಲ್ಲಿ ದೋಣಿಮನೆಗಳು ಕಟ್ಟಿ ನಿಂತಿರುತ್ತವೆ. ಅಚ್ಚಾಂತುರುತ್ತಿಗೆ ಸೇತುವೆ ಇದೆ. ಮೇಲೆ ನಿಂತು ತೇಜಸ್ವಿನಿ ನದಿಯನ್ನು ನೋಡಬಹುದು.

ವಲಿಯಪರಂಬ ಈ ದಿನದ ಮುಖ್ಯ ಗುರಿ. ಒಂದು ಬದಿ ಕಡಲು, ಇನ್ನೊಂದು ಬದಿ ಕವ್ವಾಯಿ ಹಿನ್ನೀರು, ನಡುವೆ ರಿಬ್ಬನ್ನಿನಂತೆ ಉದ್ದಕ್ಕೆ ಚಾಚಿದ ನೆಲ. ಚೆರುವತ್ತೂರಿನ ಕಡೆಯಿಂದ ಓರಿಕಡವಿನ ಸೇತುವೆ ದಾಟಿ ಮಾವಿಲಕಡಪ್ಪುರ ಸೇರಿದರೆ ನೀವು ಆ ನೆಲದ ಮೇಲಿದ್ದೀರಿ. ಒಳಗಿನ ರಸ್ತೆ ಕಿರಿದು, ವಾಹನ ವಿರಳ, ತೆಂಗಿನ ನೆರಳು ಬೇಕಾದಷ್ಟು. ಪಡನ್ನದ ಕಡೆಯ ನೀರಿನಲ್ಲಿ ಬಿದಿರಿನ ಚೌಕಟ್ಟು ಕಂಡರೆ ಅದು ಕಲ್ಲುಮ್ಮಕ್ಕಾಯ, ಅಂದರೆ ನೀಲಿಕಲ್ಲು ಸಾಕುವ ಜಾಗ. ನೀರಿಗೆ ಇಳಿಬಿಟ್ಟ ಹಗ್ಗಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ಮೀನು ತಿನ್ನುವವರು ಮಧ್ಯಾಹ್ನಕ್ಕೆ ಅದನ್ನೇ ಕೇಳಿ.

ಮರಳುವಾಗ ಬಂದ ಸೇತುವೆಯಲ್ಲೇ ಮರಳುವುದು ಸುಲಭ. ದಕ್ಷಿಣದ ತುದಿಯ ಕಡೆ ಹೋದರೆ ದೋಣಿ ಬೇಕಾದೀತು. ಸೈಕಲ್ ಹತ್ತಿಸುವುದು ಬಿಡುವುದು ದೋಣಿಯವರ ಇಚ್ಛೆ. ನಕ್ಷೆಯ ಆ್ಯಪ್ ಕೆಲವೊಮ್ಮೆ ದೋಣಿಯಲ್ಲಿ ದಾಟುವ ಕಡವನ್ನೂ ರಸ್ತೆಯಂತೆ ತೋರಿಸುತ್ತದೆ. ಗೆರೆ ನೀರಿನ ಮೇಲೆ ಹೋಗಿದ್ದರೆ ಆ್ಯಪನ್ನು ಜೇಬಿಗೆ ಹಾಕಿ ಎದುರಿಗೆ ಬಂದವರನ್ನು ಕೇಳಿ.

ಹಿನ್ನೀರಿನ ಆಸೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಚೆರುವತ್ತೂರಿನಿಂದ ಒಳಕ್ಕೆ ತೇಜಸ್ವಿನಿಯ ದಂಡೆಯ ಕಯ್ಯೂರು. 1941ರ ರೈತ ಹೋರಾಟದ ಊರು. 1943ರ ಮಾರ್ಚ್ 29ರಂದು ಇಲ್ಲಿನ ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಓದಿನ ಮೂಲಕ ಕಯ್ಯೂರನ್ನು ಬಲ್ಲ ಕನ್ನಡಿಗರು ಬಹಳ ಮಂದಿ. ನದಿಯನ್ನು ಕಣ್ಣಾರೆ ಕಂಡವರು ಕಡಿಮೆ.

ಹೊಟ್ಟೆ, ನೀರು, ಮಾತು

ಬೆಳಗ್ಗೆ ಹೊರಡುವಾಗ ಹೊಟ್ಟೆ ಭಾರ ಬೇಡ. ಎರಡು ಬಾಳೆಹಣ್ಣು, ಒಂದು ಚಹಾ. ಎಂಟೂವರೆಗೆ ಸರಿಯಾದ ತಿಂಡಿ. ಚಂದ್ರಗಿರಿಯ ಈಚೆ ನೀರುದೋಸೆ, ಬನ್ಸ್, ಗೋಳಿಬಜೆ; ಆಚೆ ಪುಟ್ಟು ಕಡಲೆ, ಅಪ್ಪ, ಪತ್ತಿರಿ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಸಿಗುವ ಹೋಟೆಲ್ ಕಂಡರೆ ಬಿರಿಯಾನಿಯನ್ನು ರಾತ್ರಿಗೆ ಇಡಿ. ಗಂಜಿ, ಉಪ್ಪಿನಕಾಯಿ, ಚಟ್ನಿ ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಒಟ್ಟಿಗೇ ಮರಳಿಸುತ್ತವೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಬಾಯಾರಿಕೆಗೆ ಕಾಯದೆ. ನಡುನಡುವೆ ಬೊಂಡ, ಪುನರ್ಪುಳಿ ಶರಬತ್ತು, ಉಪ್ಪು ಹಾಕಿದ ಮಜ್ಜಿಗೆ. ಎರಡು ಪೊಟ್ಟಣ ಓಆರ್‌ಎಸ್ ಚೀಲದಲ್ಲಿರಲಿ. ಹರತಾಳ ಘೋಷಣೆಯಾದ ದಿನ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಆದ್ದರಿಂದ ಹಿಂದಿನ ರಾತ್ರಿಯೇ ಸುದ್ದಿ ನೋಡಿ ಅವಲಕ್ಕಿಯನ್ನೋ ಬ್ರೆಡ್ಡನ್ನೋ ತೆಗೆದಿಟ್ಟುಕೊಳ್ಳಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೂ ಕೆಲವು ಅಂಗಡಿ ಬಾಗಿಲು ಹಾಕಿರುತ್ತದೆ.

ದಕ್ಷಿಣದಲ್ಲಿ ಉಪಯೋಗಕ್ಕೆ ಬರುವ ಮಲಯಾಳ ಇಷ್ಟೇ. ‘ಚೇಟ್ಟಾ, ಅಪ್ಪುರತ್ತ್ ಪಾಲಂ ಉಂಡೋ?’ ಅಂದರೆ ಆಚೆ ಸೇತುವೆ ಇದೆಯಾ. ‘ಸೈಕಲ್ ಪೋಕುಮೋ?’ ಎಂದರೆ ಸೈಕಲ್ ಹೋದೀತೇ. ‘ಕಯಟ್ಟಂ’ ಏರು, ‘ಇರಕ್ಕಂ’ ಇಳಿಜಾರು, ‘ವೆಳ್ಳಂ’ ಕುಡಿಯುವ ನೀರು. ಹೆಂಗಸರಾದರೆ ‘ಚೇಚ್ಚೀ’ ಎಂದು ಕರೆಯಿರಿ. ಇಲ್ಲಿಯವರಿಗೆ ಕನ್ನಡ ಅಲ್ಪಸ್ವಲ್ಪ ಅರ್ಥವಾಗುವುದೂ ಉಂಟು. ಹಿರಿಯರಂತೂ ಮಂಗಳೂರಿನ ಆಸ್ಪತ್ರೆ, ವ್ಯಾಪಾರ ಎಂದು ಓಡಾಡಿ ಕಲಿತಿರುತ್ತಾರೆ.

ಅಕ್ಟೋಬರ್ ಕೊನೆಯಿಂದ ಮೇವರೆಗೆ ಉತ್ತರ ಮಲಬಾರಿನಲ್ಲಿ ತೆಯ್ಯಂ ಎಂಬ ದೈವಾರಾಧನೆಯ ಕಾಲ. ಕುಂಬಳೆ, ಮಂಜೇಶ್ವರದ ಕಡೆ ಅದೇ ಬಗೆಯ ಕೋಲ, ನೇಮ. ದಾರಿಯಲ್ಲಿ ತೋರಣ ಕಂಡರೆ ವಿಚಾರಿಸಿ. ರಾತ್ರಿಯಿಡೀ ನೋಡಿದರೆ ಮರುದಿನದ ಸವಾರಿ ಕೈಬಿಡಿ. ನಿದ್ದೆಗಣ್ಣಿನಲ್ಲಿ ಸರ್ವಿಸ್ ರೋಡ್ ಬೇಡ. ಅಳಿವೆಯ ಬಳಿ ಈಜುವುದಂತೂ ಬೇಡವೇ ಬೇಡ, ಅಲ್ಲಿ ಹೊಳೆಯ ಸೆಳೆತವೂ ಕಡಲಿನ ಸೆಳೆತವೂ ಕೂಡಿಕೊಂಡಿರುತ್ತದೆ.

ರೈಲಿನಲ್ಲಿ ಮರಳುವುದು

ಪ್ರವಾಸ ಮುಗಿಯುವ ತೃಕ್ಕರಿಪುರದಲ್ಲಿ ನಿಲ್ದಾಣವಿದೆ, ಆದರೆ ಸಣ್ಣ ನಿಲ್ದಾಣಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುತ್ತದೆ, ಸೈಕಲ್ ಹತ್ತಿಸಲು ಸಾಲದು. ಇನ್ನೊಂದಿಷ್ಟು ತುಳಿದು ಪಯ್ಯನ್ನೂರಿಗೆ ಹೋಗುವುದು ಅಥವಾ ಕಾಞಂಗಾಡಿಗೆ ಹಿಂತಿರುಗುವುದು ಲೇಸು. ಪ್ರಯಾಣದ ಟಿಕೆಟ್ ತೆಗೆದು, ಅದನ್ನು ತೋರಿಸಿ ಪಾರ್ಸೆಲ್ ಕಚೇರಿಯಲ್ಲಿ ಸೈಕಲನ್ನು ಲಗೇಜಾಗಿ ಬುಕ್ ಮಾಡಬೇಕು. ಯಾವ ರೈಲಿನಲ್ಲಿ ಲಗೇಜ್ ಬೋಗಿ ಇದೆ, ಆ ನಿಲ್ದಾಣದಲ್ಲಿ ಹತ್ತಿಸುತ್ತಾರಾ ಎಂದು ಒಂದು ದಿನ ಮೊದಲೇ ವಿಚಾರಿಸಿ. ರೈಲಿಗಿಂತ ಒಂದೂವರೆ ಗಂಟೆ ಮೊದಲು ತಲುಪಿ. ಹೆಸರು, ಫೋನ್ ನಂಬರ್, ಎಲ್ಲಿಂದ ಎಲ್ಲಿಗೆ ಎಂದು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಎರಡು ಕಡೆ ಕಟ್ಟಿ. ದೀಪ, ಪಂಪು, ನೀರಿನ ಬಾಟಲಿ ಬಿಚ್ಚಿ ಕೈಚೀಲಕ್ಕೆ ಹಾಕಿ. ಹಿಂದಿನ ಗೇರಿನ ಮೇಲೆ ಹಳೆ ಬಟ್ಟೆ ಸುತ್ತಿ ಬಿಗಿಯಿರಿ, ಪೆಟ್ಟಿಗೆ ಮೂಟೆಗಳ ನಡುವೆ ಮೊದಲು ಬಾಗುವುದು ಅದೇ. ಎರಡೂ ಚಕ್ರ ಬಿಚ್ಚಿ ದೊಡ್ಡ ಚೀಲದಲ್ಲಿ ಕಟ್ಟಿ, ಜನ ಕಡಿಮೆ ಇರುವ ಪ್ಯಾಸೆಂಜರ್ ರೈಲಿನಲ್ಲಿ ಜೊತೆಗೇ ಒಯ್ಯುವವರೂ ಇದ್ದಾರೆ. ಟಿಕೆಟ್ ತಪಾಸಣೆಯವರನ್ನು ಕೇಳಿಯೇ ಹತ್ತಿ.

ಮನೆಗೆ ಬಂದ ದಿನವೇ ಸೈಕಲ್ ತೊಳೆಯಬೇಕು, ನಾಳೆಗೆ ಇಡಬೇಡಿ. ಮೂರು ದಿನದ ಉಪ್ಪುಗಾಳಿ ಮತ್ತು ಹೊಯ್ಗೆ ಚೈನಿನ ಕೊಂಡಿಗಳ ಒಳಗೆ ಕೂತಿರುತ್ತವೆ. ಸಿಹಿನೀರನ್ನು ಜೋರಾಗಿ ಹಾಯಿಸದೆ ಮೆಲ್ಲಗೆ ಸುರಿದು, ಸೋಪಿನ ನೀರಿನಲ್ಲಿ ಬ್ರಷ್ ಮಾಡಿ, ಒಣಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲೆ ಕೊಂಡಿಗೊಂದು ಹನಿ ಎಣ್ಣೆ ಹಾಕಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಹೆಚ್ಚಾದದ್ದನ್ನು ಒರೆಸಿಬಿಡಿ. ಬ್ರೇಕಿನ ಕೇಬಲ್ ತುದಿ, ಸೀಟಿನ ಕಂಬ, ಕ್ಯಾರಿಯರ್‌ನ ಬೋಲ್ಟುಗಳಿಗೂ ಒಂದೊಂದು ಹನಿ ಬೀಳಲಿ. ತುಕ್ಕು ಮೊದಲು ಹಿಡಿಯುವುದು ಅಲ್ಲೇ.